ಹತ್ತು ನಿಯಮಗಳಲ್ಲಿ ಟಾಮ್ ವಿಲ್ಸ್

ಮೆಲ್ಬರ್ನ್ ಕ್ರಿಕೆಟ್ ಮೈದಾನ ನಮಗೆ ಹೊಸದಲ್ಲ. ನಮ್ಮ ಕೆ.ಎಲ್. ರಾಹುಲ್ 2014ರಲ್ಲಿ, ಮಯಂಕ್ ಅಗರ್ವಾಲ್ 2018ರಲ್ಲಿ ಮೊದಲ ಟೆಸ್ಟ್ ಆಡಿದ್ದು ಅಲ್ಲೇ, ಡಿಸೆಂಬರ್ 26ರ ಬಾಕ್ಸಿಂಗ್ ಡೇ ಪಂದ್ಯದಲ್ಲಿ. ಆ ಮೈದಾನದ ಹೊರಗೆ 2001ರಲ್ಲಿ ನಿಲ್ಲಿಸಿದ ಒಂದು ಕಂಚಿನ ಪ್ರತಿಮೆ ಇದೆ. ಶಾಲಾ ಹುಡುಗರು ಚೆಂಡಿಗಾಗಿ ಸೆಣಸುತ್ತಿದ್ದಾರೆ, ಪಕ್ಕದಲ್ಲಿ ಒಬ್ಬ ಅಂಪೈರ್ ನಿಂತಿದ್ದಾನೆ. ಆ ಅಂಪೈರ್ ಟಾಮ್ ವಿಲ್ಸ್. ಆಸ್ಟ್ರೇಲಿಯನ್ ಫುಟ್‌ಬಾಲಿನ ಮೊದಲ ತಲೆಮಾರಿನ ಅತಿ ಮುಖ್ಯ ಆಟಗಾರ. ಮೆಲ್ಬರ್ನ್ ಇರುವ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಅವನ ಕಾಲಕ್ಕೆ ಅವನನ್ನು ಮೀರಿಸುವ ಕ್ರಿಕೆಟಿಗನೂ ಇರಲಿಲ್ಲ.

ಅವನ ಬಗ್ಗೆ ಓದಲು ಹೊರಟವರು ಬೇಗ ಗೊಂದಲಕ್ಕೆ ಬೀಳುತ್ತಾರೆ. ಒಂದು ಕಡೆ ಅವನೇ ಆಟದ ಜನಕ ಎಂದಿರುತ್ತದೆ, ಇನ್ನೊಂದು ಕಡೆ ಅವನ ಸೋದರಸಂಬಂಧಿ ಹ್ಯಾರಿಸನ್ ಜನಕ ಎಂದಿರುತ್ತದೆ. ಆಟ ರಗ್ಬಿಯಿಂದ ಬಂತು ಎನ್ನುವವರಿದ್ದಾರೆ, ಮೂಲನಿವಾಸಿಗಳ ಆಟದಿಂದ ಬಂತು ಎನ್ನುವವರೂ ಇದ್ದಾರೆ. ಇದನ್ನು ಬಿಡಿಸಿಕೊಳ್ಳಲು ನನಗೆ ಸರಿ ಕಾಣುವ ದಾರಿ ಒಂದೇ. 1859ರ ಮೇ ತಿಂಗಳಲ್ಲಿ ವಿಲ್ಸ್ ಮತ್ತು ಅವನ ಗೆಳೆಯರು ಬರೆದ ಹತ್ತು ನಿಯಮಗಳು ಹಾಗೆಯೇ ಉಳಿದಿವೆ. ಅವನ್ನು ಕೈಯಲ್ಲಿ ಹಿಡಿದುಕೊಂಡು ಅವನ ಬದುಕನ್ನು ನೋಡಬೇಕು.

ಮೊದಲು ಇಂದಿನ ಆಟ ಹೇಗಿದೆ ಎಂದು ತಿಳಿದಿರಲಿ. ತಂಡಕ್ಕೆ 18 ಜನ. ಮೈದಾನ ಅಂಡಾಕಾರ, ಉದ್ದ ಸುಮಾರು 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ನಡುವೆ ಒದ್ದು ಕಳಿಸಿದರೆ ಗೋಲ್, ಆರು ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ ಒಂದು ಅಂಕ, ಅದಕ್ಕೆ ‘ಬಿಹೈಂಡ್’ ಎನ್ನುತ್ತಾರೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ 15 ಮೀಟರಿಗೊಮ್ಮೆ ಅದನ್ನು ನೆಲಕ್ಕೆ ತಾಗಿಸಬೇಕು. ಎಸೆಯುವಂತಿಲ್ಲ. ಒಂದು ಕೈಯಲ್ಲಿ ಚೆಂಡು ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಕನಿಷ್ಠ 15 ಮೀಟರ್ ಹಾರಿ ಬಂದ ಒದೆತವನ್ನು ನೇರವಾಗಿ ಹಿಡಿದರೆ ಅದು ‘ಮಾರ್ಕ್’, ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಚೆಂಡಿಗಿಂತ ಮುಂದೆ ಹೋಗಿ ನಿಲ್ಲಬಾರದೆಂಬ ಆಫ್‌ಸೈಡ್ ನಿಯಮವೇ ಇಲ್ಲ. ಇದರಲ್ಲಿ ಎಷ್ಟು ಭಾಗ 1859ರ ಕಾಗದದಲ್ಲಿದೆ, ಎಷ್ಟು ಇಲ್ಲ ಎಂಬುದು ಮುಂದೆ ತಿಳಿಯುತ್ತದೆ.

ವಿಲ್ಸ್ ಹುಟ್ಟಿದ್ದು 1835ರ ಆಗಸ್ಟ್ 19ರಂದು, ಇಂದಿನ ಕ್ಯಾನ್‌ಬೆರಾದ ಹತ್ತಿರದ ಮೊಲಾಂಗ್ಲೋ ಬಯಲಿನಲ್ಲಿ. ಅಜ್ಜ ಎಡ್ವರ್ಡ್ ದಾರಿಗಳ್ಳತನಕ್ಕೆ ಶಿಕ್ಷೆಯಾಗಿ 1799ರಲ್ಲಿ ಸಿಡ್ನಿಗೆ ಹಡಗಿನಲ್ಲಿ ಬಂದ ಕೈದಿ. ಅಪ್ಪ ಹೊರೇಷಿಯೊ ಕುರಿ ಸಾಕಿ ದೊಡ್ಡ ಜಮೀನ್ದಾರನಾದವನು. 1840ರಲ್ಲಿ ಕುಟುಂಬ ಮಂದೆಯ ಸಮೇತ ದಕ್ಷಿಣಕ್ಕೆ, ಇಂದಿನ ಪಶ್ಚಿಮ ವಿಕ್ಟೋರಿಯಾದ ಮೊಯ್‌ಸ್ಟನ್ ಹತ್ತಿರಕ್ಕೆ ಬಂದು ನೆಲೆಸಿತು. ಆ ನೆಲ ಜಾಬ್ ವುರ್ರುಂಗ್ ಜನರದು. ಸುತ್ತ ಬೇರೆ ಬಿಳಿಯ ಮಕ್ಕಳು ಕಡಿಮೆ. ಹೀಗಾಗಿ ಟಾಮ್ ಆ ಜನರ ಮಕ್ಕಳೊಡನೆ ಬೆಳೆದ, ಅವರ ಭಾಷೆ ಕಲಿತ, ಅವರ ಹಾಡು ಕುಣಿತಗಳನ್ನು ಕಲಿತ. ಈ ಬಾಲ್ಯದ ಮೇಲೆಯೇ ಮುಂದೆ ದೊಡ್ಡ ವಿವಾದ ಎದ್ದಿತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

1850ರಲ್ಲಿ, ಹದಿನಾಲ್ಕರ ಹುಡುಗನನ್ನು ಅಪ್ಪ ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳಿಸಿದ. ಪಾಠದಲ್ಲಿ ಅವನು ಹಿಂದೆ, ಆಟದಲ್ಲಿ ಎಲ್ಲರಿಗಿಂತ ಮುಂದೆ. ಶಾಲೆಯ ಕ್ರಿಕೆಟ್ ತಂಡದ ನಾಯಕನಾದ. ಮುಂದೆ ಕೆಂಟ್ ಕೌಂಟಿಗೆ, ಲಂಡನ್ನಿನ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ಬಿಗೆ (ಎಂಸಿಸಿ) ಆಡಿದ. 1856ರಲ್ಲಿ ಆಕ್ಸ್‌ಫರ್ಡ್ ವಿರುದ್ಧ ಕೇಂಬ್ರಿಡ್ಜ್ ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದಾಗ, ಅಲ್ಲಿ ವಿದ್ಯಾರ್ಥಿಯೇ ಅಲ್ಲದ ವಿಲ್ಸ್‌ನನ್ನು ಸೇರಿಸಿಕೊಂಡು ಆಡಿಸಿದರು.

ರಗ್ಬಿ ಶಾಲೆಯ ಫುಟ್‌ಬಾಲ್ ಹೇಗಿತ್ತು ಎಂಬುದು ಇಲ್ಲಿ ಮುಖ್ಯ. ನೂರಾರು ಹುಡುಗರು ಒಟ್ಟಿಗೆ ಆಡುತ್ತಿದ್ದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದಿತ್ತು. ಎದುರಾಳಿಯ ಮೊಣಕಾಲ ಕೆಳಗೆ ಬೂಟಿನಿಂದ ಒದೆಯಬಹುದಿತ್ತು. ಇದಕ್ಕೆ ಹ್ಯಾಕಿಂಗ್ ಎಂದು ಹೆಸರು. ಆಫ್‌ಸೈಡ್ ಕಟ್ಟುನಿಟ್ಟು: ಚೆಂಡಿಗಿಂತ ಮುಂದೆ ನಿಂತವನು ಆಟದಿಂದ ಹೊರಗೇ. ಗಾಳಿಯಲ್ಲಿ ಬಂದ ಚೆಂಡನ್ನು ಹಿಡಿದು ನೆಲದಲ್ಲಿ ಗುರುತು ಮಾಡಿದರೆ ನಿರಾತಂಕವಾಗಿ ಒದೆಯುವ ಹಕ್ಕು ಸಿಗುತ್ತಿತ್ತು. 1856ರ ಡಿಸೆಂಬರಿನಲ್ಲಿ ವಿಲ್ಸ್ ಮೆಲ್ಬರ್ನಿಗೆ ಮರಳಿದಾಗ ಅವನ ಮೈಯಲ್ಲಿದ್ದದ್ದು ಈ ಆಟ. ಇದರಲ್ಲಿ ಯಾವುದು ಉಳಿಯಿತು, ಯಾವುದು ಬಿತ್ತು ಎಂದು ನೋಡಿದರೆ ಹೊಸ ಆಟ ಹುಟ್ಟಿದ ಬಗೆ ಅರ್ಥವಾಗುತ್ತದೆ.

ಊರಿಗೆ ಬಂದವನು ಮೊದಲು ಹೆಸರು ಮಾಡಿದ್ದು ಕ್ರಿಕೆಟಿನಲ್ಲಿ. 1858ರ ಜನವರಿಯಲ್ಲಿ ಅವನ ನಾಯಕತ್ವದಲ್ಲಿ ವಿಕ್ಟೋರಿಯಾ ತಂಡ ಸಿಡ್ನಿಗೆ ಹೋಗಿ ನ್ಯೂ ಸೌತ್ ವೇಲ್ಸನ್ನು ಸೋಲಿಸಿತು. ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯೂ ಆದ. ಕಚೇರಿ ಕೆಲಸ ಅವನ ಕೈಗೆ ಹತ್ತಲಿಲ್ಲ. ಲೆಕ್ಕ, ಕಾಗದ ಪತ್ರಗಳನ್ನು ಅಸ್ತವ್ಯಸ್ತ ಮಾಡಿಟ್ಟು ಹೊರಬಂದ. ಆದರೆ ಅದೇ ಅವಧಿಯಲ್ಲಿ ಬರೆದ ಒಂದು ಪತ್ರ ಅವನ ಹೆಸರನ್ನು ಉಳಿಸಿತು.

1858ರ ಜುಲೈ 10ರಂದು ‘ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ’ ಎಂಬ ಕ್ರೀಡಾ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅಲ್ಲಿ ಜುಲೈ ಎಂದರೆ ನಡು ಚಳಿಗಾಲ, ಕ್ರಿಕೆಟ್ ನಿಂತಿರುತ್ತದೆ. ಸುಮ್ಮನೆ ಕೂತು ಮೈ ಜಡ್ಡು ಹಿಡಿಯುವ ಬದಲು ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ, ಅದಕ್ಕೊಂದು ಸಣ್ಣ ಸಮಿತಿ ಕೂತು ನಿಯಮ ಬರೆಯಲಿ ಎಂಬುದು ಪತ್ರದ ಸಾರ. ಫುಟ್‌ಬಾಲ್ ಆಗದಿದ್ದರೆ ರೈಫಲ್ ಕ್ಲಬ್ಬಾದರೂ ಆಗಲಿ ಎಂದೂ ಬರೆದಿದ್ದ. ಆಟಗಾರರು ತುಳಿದಾಡಿದರೆ ಕ್ರಿಕೆಟ್ ಮೈದಾನದ ಹುಲ್ಲು ಗಟ್ಟಿಯಾಗಿ ಬಾಳಿಕೆ ಬರುತ್ತದೆ ಎಂಬ ಆಸೆಯನ್ನೂ ತೋರಿಸಿದ್ದ. ಹುಲ್ಲಿನ ವಿಷಯದಲ್ಲಿ ಕ್ರಿಕೆಟ್ ಕ್ಲಬ್ ಒಪ್ಪಲಿಲ್ಲ. 1870ರ ದಶಕದ ಕೊನೆಯವರೆಗೂ ಫುಟ್‌ಬಾಲನ್ನು ಮೈದಾನದ ಒಳಗೆ ನಿಯಮಿತವಾಗಿ ಬಿಟ್ಟುಕೊಳ್ಳಲಿಲ್ಲ. ಆಟ ನಡೆದದ್ದು ಹೊರಗಿನ ರಿಚ್‌ಮಂಡ್ ಪ್ಯಾಡಕ್ ಎಂಬ ಬಯಲಿನಲ್ಲಿ, ನೀಲಗಿರಿ ಮರಗಳ ನಡುವೆ. ಈಗ ಅದರ ಹೆಸರು ಯಾರಾ ಪಾರ್ಕ್.

ಅದೇ ವರ್ಷ ಆಗಸ್ಟ್ 7ರಂದು ಆ ಬಯಲಿನಲ್ಲಿ ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಯ ಹುಡುಗರು ಎದುರಾದರು. ಒಂದೊಂದು ಕಡೆ 40 ಜನ. ಗೋಲ್ ಕಂಬಗಳ ನಡುವಿನ ದೂರ ಸುಮಾರು ಅರ್ಧ ಮೈಲಿ, ಅಂದರೆ ಹತ್ತಿರ ಹತ್ತಿರ 800 ಮೀಟರ್. ಅಂಪೈರುಗಳಲ್ಲಿ ಒಬ್ಬ ವಿಲ್ಸ್, ಇನ್ನೊಬ್ಬ ಡಾ. ಜಾನ್ ಮೆಕಾಡಮ್. ಮಕಾಡಾಮಿಯಾ ಬೀಜಕ್ಕೆ ಹೆಸರು ಬಂದದ್ದು ಇದೇ ಮೆಕಾಡಮ್‌ನಿಂದ. ಇಷ್ಟು ದೂರ, ಇಷ್ಟು ಜನ ಇದ್ದರೆ ಏನಾಗುತ್ತದೋ ಅದೇ ಆಯಿತು: ಕತ್ತಲಾಗುವ ಹೊತ್ತಿಗೆ ಎರಡೂ ಕಡೆ ಒಂದೊಂದೇ ಗೋಲ್. ಆಗಸ್ಟ್ 21ರಂದು ಮುಂದುವರಿಸಿದರು, ಸೆಪ್ಟೆಂಬರ್ 4ರಂದು ಮತ್ತೆ ಆಡಿದರು. ಯಾರೂ ಗೆಲ್ಲಲಿಲ್ಲ. ಪ್ರತಿಮೆಯಲ್ಲಿ ಕಾಣುವುದು ಈ ಪಂದ್ಯ.

ಆ ಚಳಿಗಾಲದ ಆಟಗಳಲ್ಲಿ ಒಬ್ಬೊಬ್ಬರು ಒಂದೊಂದು ನಿಯಮ ತಿಳಿದವರಾಗಿದ್ದರು. ಇಂಗ್ಲೆಂಡಿನ ಶಾಲೆಗಳಲ್ಲಿ ಒಬ್ಬನಿಗೆ ಈಟನ್ ಶಾಲೆಯದು, ಇನ್ನೊಬ್ಬನಿಗೆ ಹ್ಯಾರೋ ಶಾಲೆಯದು, ವಿಲ್ಸ್‌ಗೆ ರಗ್ಬಿಯದು. ಒಬ್ಬನ ಪಾಲಿಗೆ ಸರಿಯಾದದ್ದು ಮತ್ತೊಬ್ಬನಿಗೆ ಮೋಸ. ಆದ್ದರಿಂದ ಮುಂದಿನ ಚಳಿಗಾಲಕ್ಕೆ ಮೊದಲೇ, 1859ರ ಮೇ 14ರಂದು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ರೂಪುಗೊಂಡಿತು, ಮೇ 17ರಂದು ನಿಯಮ ಬರೆಯಲು ಕೂತರು. ಜಾಗ ಮೈದಾನದ ಹತ್ತಿರವೇ ಇದ್ದ ಪರೇಡ್ ಹೋಟೆಲ್, ಮಾಲೀಕ ಜೆರ್ರಿ ಬ್ರಯಾಂಟ್ ಕೂಡ ಕ್ರಿಕೆಟಿಗ. ನಿಯಮಗಳ ಹಿಂದೆ ನಾಲ್ವರ ಕೈ ಮುಖ್ಯ: ವಿಲ್ಸ್, ಪತ್ರಕರ್ತರಾದ ವಿಲಿಯಂ ಹ್ಯಾಮರ್ಸ್‌ಲಿ ಮತ್ತು ಜೇಮ್ಸ್ ಥಾಂಪ್ಸನ್, ಶಾಲಾ ಮೇಷ್ಟರಾದ ಥಾಮಸ್ ಸ್ಮಿತ್. ಹ್ಯಾಮರ್ಸ್‌ಲಿ, ಥಾಂಪ್ಸನ್ ಕೇಂಬ್ರಿಡ್ಜ್‌ನಲ್ಲಿ ಓದಿದವರು, ಸ್ಮಿತ್ ಡಬ್ಲಿನ್‌ನಲ್ಲಿ ಓದಿದವನು.

ಹತ್ತು ನಿಯಮಗಳು

ಮೊದಲ ನಿಯಮ: ಎರಡು ಗೋಲುಗಳ ನಡುವಿನ ದೂರವನ್ನೂ ಗೋಲ್ ಕಂಬಗಳ ನಡುವಿನ ಅಂತರವನ್ನೂ ಎರಡು ತಂಡದ ನಾಯಕರೇ ನಿರ್ಧರಿಸಬೇಕು. ಅಳತೆ ಬರೆಯದೆ ಬಿಟ್ಟದ್ದು ಅಸಡ್ಡೆಯಿಂದಲ್ಲ. ಆಡುವ ಜಾಗ ಸಾರ್ವಜನಿಕ ಬಯಲು, ಇವತ್ತು ಒಂದು ಕಡೆ, ಮುಂದಿನ ಶನಿವಾರ ಇನ್ನೊಂದು ಕಡೆ. ನಿಶ್ಚಿತ ಅಳತೆ ಹಾಕಿದರೆ ಅರ್ಧ ಪಂದ್ಯಗಳು ನಡೆಯುವುದೇ ಇಲ್ಲ.

ಎರಡನೆಯದು ಟಾಸ್. ಗೆದ್ದವನು ಗೋಲ್ ಆಯ್ದುಕೊಳ್ಳುತ್ತಾನೆ, ಸೋತವನು ನಡುವಿನಿಂದ ಚೆಂಡು ಒದ್ದು ಆಟ ಶುರು ಮಾಡುತ್ತಾನೆ. ಗಾಳಿ, ಇಳಿಜಾರು ಎರಡೂ ಇದ್ದ ಬಯಲಿನಲ್ಲಿ ಟಾಸ್ ಗೆಲ್ಲುವುದು ದೊಡ್ಡ ಲಾಭ.

ಮೂರನೆಯದು: ಗೋಲ್ ಆಗಬೇಕಾದರೆ ಚೆಂಡು ಕಂಬಕ್ಕೆ ತಾಗದೆ, ಯಾವ ಆಟಗಾರನ ಮೈಗೂ ತಾಗದೆ, ಒದೆತದಿಂದಲೇ ಒಳಗೆ ಹೋಗಬೇಕು. ಇದು ಬಹಳ ಜಾಣತನದ ನಿಯಮ. ಅಂಕಗಳ ಲೆಕ್ಕವಿಲ್ಲದ ಕಾಲ, ಗೋಲ್ ಒಂದೇ ಫಲಿತಾಂಶ. ಗೋಲಿನ ಮುಂದೆ ಇಪ್ಪತ್ತು ಮೂವತ್ತು ಜನ ಗುಂಪುಗಟ್ಟಿ ಮೈಯಿಂದ ಚೆಂಡು ತಳ್ಳಿಕೊಂಡು ಹೋದರೆ ಅದು ಕೈ ತಾಗಿತೋ ಕಾಲು ತಾಗಿತೋ ಎಂದು ಯಾರಿಗೂ ತಿಳಿಯುವುದಿಲ್ಲ. ‘ಶುದ್ಧ ಒದೆತ ಮಾತ್ರ’ ಎಂದರೆ ಆ ಜಗಳವೇ ಇಲ್ಲ. ಕಂಬಕ್ಕೆ ತಾಗಿದ ಚೆಂಡು ಗೋಲ್ ಅಲ್ಲ ಎಂಬ ಈ ಮಾತು ನೂರೈವತ್ತು ವರ್ಷ ಕಳೆದರೂ ಆಟದಲ್ಲಿ ಉಳಿದಿತ್ತು.

ನಾಲ್ಕನೆಯದರಲ್ಲಿ ಎರಡು ಅಂಶ. ಮೈದಾನದ ಅಗಲ 200 ಗಜ ಮೀರಬಾರದು, ಅಂದರೆ 183 ಮೀಟರ್. ಇಂದಿನ ಸಾಕರ್ ಮೈದಾನದ ಗರಿಷ್ಠ ಅಗಲ 90 ಮೀಟರ್ ಎಂದು ನೆನಪಿಸಿಕೊಂಡರೆ ಇದು ಎಷ್ಟು ವಿಶಾಲ ಎಂದು ಹೊಳೆಯುತ್ತದೆ. ಎರಡನೆಯ ಅಂಶ, ಗೋಲ್ ಕಂಬಗಳ ಎರಡೂ ಬದಿಗೆ 20 ಗಜ ದೂರದಲ್ಲಿ ಇನ್ನೆರಡು ಕಂಬಗಳು. ಅವಕ್ಕೆ ಆಗ ಅಂಕವೇನೂ ಇರಲಿಲ್ಲ. ಐದನೆಯ ನಿಯಮಕ್ಕಾಗಿ ನೆಟ್ಟ ಗುರುತು ಅವು: ಚೆಂಡು ಗೋಲಿನ ಹಿಂದೆ ಹೋದರೆ ಆ ಗೋಲ್ ಕಾಯುವ ತಂಡದವನು ಈ ಕಂಬಗಳ ನಡುವಿನ ಜಾಗದಿಂದ 20 ಗಜ ಮುಂದಕ್ಕೆ ತಂದು ಒದೆಯಬೇಕು. ಇಂದಿನ ನಾಲ್ಕು ಕಂಬಗಳ ಬೇರು ಇಲ್ಲಿದೆ. ಪಕ್ಕದ ಕಂಬಗಳ ನಡುವೆ ಹೋದದ್ದಕ್ಕೆ ಒಂದು ಅಂಕ ಎಂದಾದದ್ದು 1897ರಲ್ಲಿ, ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಶುರುವಾದಾಗ.

ಆರನೆಯದು ಮಾರ್ಕ್. ಕಾಲಿನಿಂದ ನೇರವಾಗಿ ಬಂದ ಚೆಂಡನ್ನು ಹಿಡಿದವನು ‘ಮಾರ್ಕ್’ ಎಂದು ಕೂಗಬಹುದು, ಆಗ ಅವನಿಗೆ ಫ್ರೀ ಕಿಕ್. ಎದುರಾಳಿ ಆ ಗುರುತು ದಾಟಿ ಒಳಗೆ ಬರುವಂತಿಲ್ಲ. ಇದು ರಗ್ಬಿ ಶಾಲೆಯಿಂದ ಬಂದದ್ದು. ಹಿಡಿತಕ್ಕೆ ಬಹುಮಾನವಿದ್ದರೆ ಗುರಿಯಿಟ್ಟು ಒದೆಯುವುದಕ್ಕೂ ಬೆಲೆ ಬರುತ್ತದೆ, ಗುಂಪು ಗಲಭೆ ಕಡಿಮೆಯಾಗುತ್ತದೆ. ಇಡೀ ಆಟದ ರುಚಿ ಇಂದಿಗೂ ಈ ಒಂದು ನಿಯಮದ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಏಳನೆಯದರಲ್ಲಿ ವಿಲ್ಸ್ ಮಣಿದದ್ದು ಕಾಣುತ್ತದೆ. ವೇಗವಾಗಿ ಓಡುತ್ತಿರುವವನನ್ನು ಅಥವಾ ಚೆಂಡು ಹಿಡಿದವನನ್ನು ಕಾಲುಕೊಟ್ಟು ಬೀಳಿಸಬಹುದು, ತಳ್ಳಬಹುದು, ಆದರೆ ಹ್ಯಾಕಿಂಗ್ ಇಲ್ಲ. ರಗ್ಬಿ ಶಾಲೆಯಲ್ಲಿ ಮೊಣಕಾಲ ಕೆಳಗೆ ಒದೆಸಿಕೊಂಡ ಹುಡುಗ ಮರುದಿನ ಕುಂಟುತ್ತ ತರಗತಿಗೆ ಹೋದರೆ ಸಾಕು. ಮೆಲ್ಬರ್ನಿನಲ್ಲಿ ಆಡುತ್ತಿದ್ದವರು ವಕೀಲರು, ಗುಮಾಸ್ತರು, ಪತ್ರಕರ್ತರು, ಮೇಷ್ಟರುಗಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕು. ಜೊತೆಗೆ ಅಲ್ಲಿನ ನೆಲ ಇಂಗ್ಲೆಂಡಿನ ಮೆತ್ತನೆಯ ಹುಲ್ಲಲ್ಲ, ಬಿದ್ದರೆ ಎಲುಬಿಗೇ ಪೆಟ್ಟು. ಇದೇ ಕಾರಣಕ್ಕೆ ಕಾಲುಕೊಡುವುದನ್ನೂ ಹೆಚ್ಚು ದಿನ ಕಳೆಯುವ ಮೊದಲೇ ನಿಷೇಧಿಸಿದರು.

ಎಂಟನೆಯದು: ಒದೆತದಿಂದ ನೇರವಾಗಿ ಹಿಡಿದಾಗ ಅಥವಾ ನೆಲಕ್ಕೆ ಬಡಿದು ಪುಟಿದಾಗ ಮಾತ್ರ ಚೆಂಡನ್ನು ಕೈಗೆ ತೆಗೆದುಕೊಳ್ಳಬಹುದು. ನೆಲದ ಮೇಲೆ ಬಿದ್ದಿರುವುದನ್ನು ಎತ್ತುವಂತಿಲ್ಲ. ಕಾಗದದ ಮೇಲೆ ಚೆನ್ನಾಗಿದೆ, ಮಳೆಯಲ್ಲಿ ಕೈಕೊಡುತ್ತದೆ. ಕೆಸರಿನಲ್ಲಿ ಚೆಂಡು ಪುಟಿಯುವುದಿಲ್ಲ. ಪುಟಿಯದಿದ್ದರೆ ಯಾರೂ ಕೈ ಹಾಕುವಂತಿಲ್ಲ, ಎಲ್ಲರೂ ಸುತ್ತುವರಿದು ಕಾಲಿನಲ್ಲೇ ಕೆದಕಬೇಕು. ಮಳೆಗಾಲದ ಆಟದಲ್ಲಿ ಇಂಥ ಗುಂಪು ಒಂದೇ ಕಡೆ ಬಹಳ ಹೊತ್ತು ನಿಂತುಬಿಡುತ್ತದೆ.

ಒಂಬತ್ತನೆಯದು: ಗಡಿ ದಾಟಿದ ಚೆಂಡನ್ನು ದಾಟಿದ ಸ್ಥಳಕ್ಕೇ ತಂದು ಗಡಿಗೆ ಲಂಬವಾಗಿ ಒಳಕ್ಕೆ ಎಸೆಯಬೇಕು. ಹತ್ತನೆಯದು: ಆಟ ನಡೆಯುತ್ತಿರುವಾಗ ಚೆಂಡನ್ನು ಯಾವ ಕಾರಣಕ್ಕೂ ಎಸೆಯಕೂಡದು. ಎಸೆಯುವಂತಿಲ್ಲ ಎಂಬುದರಿಂದಲೇ ಮುಷ್ಟಿಯಿಂದ ಗುದ್ದಿ ಕಳಿಸುವ ಪದ್ಧತಿಗೆ ದಾರಿಯಾಯಿತು.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ತಂಡಕ್ಕೆ ಎಷ್ಟು ಜನ ಎಂದಿಲ್ಲ. ಎಷ್ಟು ಹೊತ್ತು ಆಡಬೇಕು ಎಂದಿಲ್ಲ. ಅಂಪೈರ್ ಎಂಬ ಪದವೇ ಇಲ್ಲ, ತಕರಾರು ಬಂದರೆ ನಾಯಕರೇ ಬಗೆಹರಿಸಿಕೊಳ್ಳಬೇಕು. ಚೆಂಡಿನ ಆಕಾರ ಹೇಳಿಲ್ಲ, ಮೈದಾನ ಅಂಡಾಕಾರ ಇರಬೇಕೆಂದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಗೈರುಹಾಜರಿ ಆಫ್‌ಸೈಡಿನದು. ರಗ್ಬಿಯ ಬೆನ್ನೆಲುಬಾಗಿದ್ದ ಆ ನಿಯಮವನ್ನು ಇವರು ಬರೆಯಲೇ ಇಲ್ಲ. ಅದನ್ನು ಬೇಡವೆಂದು ವಾದಿಸಿ ಬಿಟ್ಟರೋ, ಸರಳವಾಗಿರಲಿ ಎಂದು ಬಿಟ್ಟರೋ, ಫಲ ಮಾತ್ರ ಒಂದೇ. ಎದುರಾಳಿಯ ಗೋಲಿನ ಮುಂದೆ ಮೊದಲೇ ಹೋಗಿ ನಿಲ್ಲಬಹುದು.

ಇದರ ಲಾಭವನ್ನು ಮೊದಲು ಕಂಡುಕೊಂಡವನು ವಿಲ್ಸ್. 1860ರಲ್ಲಿ ರಿಚ್‌ಮಂಡ್ ತಂಡದ ನಾಯಕನಾಗಿ ತನ್ನ ಆಟಗಾರರನ್ನು ಚೆಂಡಿನ ಹಿಂದೆ ಗುಂಪಾಗಿ ಓಡಿಸದೆ ಮೈದಾನದ ಖಾಲಿ ಜಾಗಗಳಲ್ಲಿ ಹರಡಿ ನಿಲ್ಲಿಸಿದ. ಒಬ್ಬನಿಂದ ಇನ್ನೊಬ್ಬನಿಗೆ ಸಣ್ಣ ಸಣ್ಣ ಒದೆತಗಳಲ್ಲಿ ಚೆಂಡು ಸಾಗಿತು. ಮೆಲ್ಬರ್ನ್ ತಂಡದವರು ಚೆಂಡನ್ನು ಹಿಂಬಾಲಿಸುವುದನ್ನೇ ಆಟವೆಂದು ತಿಳಿದಿದ್ದವರು, ಏನಾಗುತ್ತಿದೆ ಎಂದು ಅರಿಯುವಷ್ಟರಲ್ಲಿ ಚೆಂಡು ಅವರ ಗೋಲು ಸೇರಿತ್ತು. ನಿಯಮ ಬರೆದವರು ನಾಲ್ವರಾದರೂ, ಬರೆಯದೆ ಬಿಟ್ಟದ್ದರಲ್ಲಿ ಏನು ಅಡಗಿದೆ ಎಂದು ಓದಿದವನು ಅವನು. ಅಂಡಾಕಾರದ ಚೆಂಡನ್ನು ಬಳಕೆಗೆ ತಂದವರಲ್ಲೂ ಅವನ ಹೆಸರು ಮುಂದಿದೆ. ಆ ಚೆಂಡು ಗುಂಡಗಿನ ಚೆಂಡಿಗಿಂತ ದೂರ ಹೋಗುತ್ತದೆ, ನೇರ ಹಾರುತ್ತದೆ.

ಓಟದ ಪ್ರಶ್ನೆ ಬಾಕಿ ಇತ್ತು. ಚೆಂಡು ಹಿಡಿದವನು ಎಷ್ಟು ದೂರ ಓಡಬಹುದು? 1859ರ ನಿಯಮ ಸುಮ್ಮನಿದೆ. ವಿಲ್ಸ್ ಓಡುತ್ತಿದ್ದ, ಅವನ ಸೋದರಸಂಬಂಧಿ ಹೆನ್ರಿ ಹ್ಯಾರಿಸನ್ ಅವನಿಗಿಂತ ವೇಗವಾಗಿ ಓಡುತ್ತಿದ್ದ, ಎದುರಾಳಿಗಳು ಕೂಗಾಡುತ್ತಿದ್ದರು. 1866ರ ಮೇ ತಿಂಗಳಲ್ಲಿ ಹ್ಯಾರಿಸನ್ ಅಧ್ಯಕ್ಷತೆಯಲ್ಲಿ ನಿಯಮಗಳನ್ನು ತಿದ್ದಿದಾಗ ಇದಕ್ಕೆ ಉತ್ತರ ಸಿಕ್ಕಿತು: ಐದಾರು ಗಜಕ್ಕೊಮ್ಮೆ ಚೆಂಡನ್ನು ನೆಲಕ್ಕೆ ಪುಟಿಸಬೇಕು. ಇದು ಓಟಕ್ಕೆ ಕಡಿವಾಣ. ಅಂಡಾಕಾರದ ಚೆಂಡನ್ನು ಓಡುತ್ತ ಪುಟಿಸುವುದು ಸುಲಭವಲ್ಲ. ಚೆಂಡಿನ ಮೇಲಿನ ತುದಿ ನಮ್ಮ ಕಡೆಗೆ ಸ್ವಲ್ಪ ವಾಲಿರಬೇಕು, ದೇಹಕ್ಕಿಂತ ತುಸು ಮುಂದೆ ಕೆಳತುದಿ ನೆಲಕ್ಕೆ ಬಡಿಯಬೇಕು, ಆಗ ಅದು ಕೈಗೇ ಮರಳುತ್ತದೆ. ಕೋನ ತಪ್ಪಿದರೆ ಪಕ್ಕಕ್ಕೆ ಚಿಮ್ಮುತ್ತದೆ, ಚಪ್ಪಟೆಯಾಗಿ ಬಿದ್ದರೆ ಏಳುವುದೇ ಇಲ್ಲ. ವೇಗ ಹೆಚ್ಚಿದಷ್ಟೂ ಚೆಂಡನ್ನು ಇನ್ನೂ ಮುಂದಕ್ಕೆ ಹಾಕಬೇಕು. ಓಡುವವನಿಗೆ ಇದೊಂದು ಪರೀಕ್ಷೆ, ಅಡ್ಡಗಟ್ಟುವವನಿಗೆ ಒಂದು ಅವಕಾಶ.

ಕ್ವೀನ್ಸ್‌ಲ್ಯಾಂಡ್ ಮತ್ತು ಆಮೇಲೆ

ಆಟ ಬೆಳೆಯುತ್ತಿದ್ದಾಗಲೇ ವಿಲ್ಸ್ ಮೆಲ್ಬರ್ನ್ ಬಿಟ್ಟ. ಅಪ್ಪ ಹೊರೇಷಿಯೊ ಮಧ್ಯ ಕ್ವೀನ್ಸ್‌ಲ್ಯಾಂಡಿನಲ್ಲಿ ಕಲ್ಲಿನ್-ಲಾ-ರಿಂಗೊ ಎಂಬ ವಿಶಾಲ ಜಮೀನು ಹಿಡಿದಿದ್ದ. 1861ರಲ್ಲಿ ತಂದೆ, ಮಗ, ಕೆಲಸಗಾರರು, ಅವರ ಹೆಂಡಿರು ಮಕ್ಕಳು, ಸುಮಾರು 10,000 ಕುರಿಗಳೊಡನೆ ತಿಂಗಳುಗಟ್ಟಲೆ ನಡೆದು ಅಕ್ಟೋಬರಿನಲ್ಲಿ ಅಲ್ಲಿಗೆ ಮುಟ್ಟಿದರು. ಅಕ್ಟೋಬರ್ 17ರ ಮಧ್ಯಾಹ್ನ ಆ ನೆಲದ ಗಯಿರಿ ಜನರು ಬಿಡಾರದ ಮೇಲೆ ಎರಗಿ 19 ಜನರನ್ನು ಕೊಂದರು. ಹೊರೇಷಿಯೊ ಅವರಲ್ಲಿ ಒಬ್ಬ. ಟಾಮ್ ಸಾಮಾನು ತರಲು ಹೋಗಿದ್ದರಿಂದ ಉಳಿದ. ನೆರೆಯ ಜಮೀನಿನ ಬಿಳಿಯನೊಬ್ಬ ಕುರಿ ಕದ್ದರೆಂದು ಗಯಿರಿಗಳ ಮೇಲೆ ಗುಂಡು ಹಾರಿಸಿದ್ದೇ ಇದಕ್ಕೆ ಕಾರಣ ಎಂದು ವಿಲ್ಸ್ ಕುಟುಂಬದವರೇ ಮುಂದೆ ಬರೆದಿಟ್ಟರು. ಯಾರೋ ಮಾಡಿದ ತಪ್ಪಿಗೆ ಹೊಸದಾಗಿ ಬಂದವರು ಸತ್ತರು. ಆಮೇಲೆ ಪೊಲೀಸರೂ ವಲಸಿಗರೂ ಸೇರಿ ನಡೆಸಿದ ಸೇಡಿನ ಬೇಟೆಯಲ್ಲಿ ಸತ್ತ ಮೂಲನಿವಾಸಿಗಳ ಸಂಖ್ಯೆ ಇದರ ಎಷ್ಟೋ ಪಟ್ಟು.

ಟಾಮ್ ಆ ದಿನಗಳಲ್ಲಿ ಹ್ಯಾರಿಸನ್‌ಗೆ ಬರೆದ ಪತ್ರದಲ್ಲಿ ಸೇಡಿನ ಮಾತಿದೆ. ಅವನೇ ಕೊಲೆಗಳಲ್ಲಿ ಪಾಲ್ಗೊಂಡನೇ? 1895ರ ಶಿಕಾಗೋ ಪತ್ರಿಕೆಯೊಂದರ ಹಳೆಯ ಬರಹ 2021ರಲ್ಲಿ ಬೆಳಕಿಗೆ ಬಂತು, ಅದರಲ್ಲಿ ಹೌದು ಎಂದಿದೆ. ಘಟನೆಯಾಗಿ ಮೂವತ್ತು ವರ್ಷದ ಮೇಲೆ, ಬೇರೆ ದೇಶದಲ್ಲಿ ಅಚ್ಚಾದ ಬರಹ ಅದು, ಇತಿಹಾಸಕಾರರಲ್ಲಿ ಅದರ ಬಗ್ಗೆ ಒಮ್ಮತವಿಲ್ಲ. ಅದನ್ನು ಮುಚ್ಚಿಡುವುದೂ ತಪ್ಪು, ಅದೊಂದರಿಂದಲೇ ತೀರ್ಪು ಕೊಡುವುದೂ ತಪ್ಪು. ಅವನು ಅಲ್ಲೇ ಉಳಿದು ಜಮೀನು ಮತ್ತೆ ಕಟ್ಟಲು ನೋಡಿದ. ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ, ಕುಡಿತ ಹೆಚ್ಚಾಯಿತು. ಮೂರು ವರ್ಷದೊಳಗೆ ದಕ್ಷಿಣಕ್ಕೆ ಮರಳಿ ಜೀಲಾಂಗ್ ಊರು ಸೇರಿಕೊಂಡ, ಅಲ್ಲಿನ ಕ್ಲಬ್ಬಿಗೆ 1870ರ ದಶಕದವರೆಗೂ ಆಡಿದ. ಜೀಲಾಂಗ್ ಆ ಕಾಲದ ಬಲಿಷ್ಠ ತಂಡವಾಗಿ ಬೆಳೆದದ್ದರಲ್ಲಿ ಅವನ ಪಾಲು ದೊಡ್ಡದು.

ಅವನ ಬದುಕಿನಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಭಾಗ 1866ರದು. ಅಪ್ಪನ ಸಾವಿಗೆ ಐದೇ ವರ್ಷ. ಪಶ್ಚಿಮ ವಿಕ್ಟೋರಿಯಾದ ಮೂಲನಿವಾಸಿ ಕುರಿ ಕೆಲಸಗಾರರ ಕ್ರಿಕೆಟ್ ತಂಡಕ್ಕೆ ತರಬೇತಿ ಕೊಡಲು ವಿಲ್ಸ್ ಒಪ್ಪಿಕೊಂಡ. ಎಡನ್‌ಹೋಪ್ ಹತ್ತಿರ ತರಬೇತಿ ನಡೆಯಿತು. ಡಿಸೆಂಬರ್ 26ರಂದು ಅವನ ನಾಯಕತ್ವದಲ್ಲಿ ಆ ತಂಡ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಮೆಲ್ಬರ್ನ್ ಕ್ಲಬ್ ವಿರುದ್ಧ ಆಡಿತು, ನೋಡಲು ಸಾವಿರಾರು ಜನ ನೆರೆದರು. ಪಂದ್ಯ ಸೋತರೂ ಜಾನಿ ಮುಲ್ಲಾಘ್ ಎಂಬ ಆಟಗಾರ ಎಲ್ಲರ ಮನ ಗೆದ್ದ. ಮುಲ್ಲಾಘ್‌ನ ನಿಜ ಹೆಸರು ಉನಾರಿಮಿನ್. ತಂಡದ ಜೆಲಿಕೊ ಎಂಬವನು ಪತ್ರಕರ್ತರೆದುರು ವಿಲ್ಸ್‌ನನ್ನು ಛೇಡಿಸಿದ್ದು ದಾಖಲಾಗಿದೆ: ನಮ್ಮ ಜೊತೆ ಇದ್ದೂ ಇದ್ದೂ ಇವನು ಈಗ ನಮ್ಮ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಬಾಲ್ಯದ ಭಾಷೆ, ಕ್ವೀನ್ಸ್‌ಲ್ಯಾಂಡಿನ ಆ ಮಧ್ಯಾಹ್ನದ ನಂತರವೂ, ಅವನ ನಾಲಿಗೆಯ ಮೇಲೆ ಉಳಿದಿತ್ತು.

1867ರ ಸಿಡ್ನಿ ಪ್ರವಾಸ ಹಣದ ವ್ಯವಹಾರ ಕೆಟ್ಟು ಮುರಿದುಬಿತ್ತು, ಆಟಗಾರರಲ್ಲಿ ಕೆಲವರು ಕಾಯಿಲೆಯಿಂದ ತೀರಿಕೊಂಡರು. 1868ರಲ್ಲಿ ಚಾರ್ಲ್ಸ್ ಲಾರೆನ್ಸ್ ಎಂಬ ಕ್ರಿಕೆಟಿಗ ಈ ತಂಡವನ್ನು ಮತ್ತೆ ಕಟ್ಟಿ ಇಂಗ್ಲೆಂಡಿಗೆ ಕರೆದೊಯ್ದ. 47 ಪಂದ್ಯ, 14 ಗೆಲುವು, 14 ಸೋಲು, 19 ಡ್ರಾ. ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋದ ಮೊದಲ ಕ್ರಿಕೆಟ್ ತಂಡ ಅದು. ವಿಲ್ಸ್ ಅದರಲ್ಲಿರಲಿಲ್ಲ.

ಆಮೇಲಿನದು ಇಳಿಜಾರು. ಅವನ ಬೌಲಿಂಗಿನಲ್ಲಿ ಕೈ ಬಾಗುತ್ತದೆ ಎಂಬ ದೂರು ಹಳೆಯದು. 1872ರಲ್ಲಿ ನ್ಯೂ ಸೌತ್ ವೇಲ್ಸ್ ವಿರುದ್ಧದ ಪಂದ್ಯದಲ್ಲಿ ಅಂಪೈರ್ ಚೆಂಡು ಎಸೆದನೆಂದು ನೋಬಾಲ್ ಕೊಟ್ಟರು. ದೊಡ್ಡ ಕ್ರಿಕೆಟಿಗೆ ಅವನ ದಾರಿ ಅಲ್ಲಿಗೆ ಹೆಚ್ಚುಕಡಿಮೆ ಮುಚ್ಚಿತು. ಸಾಲ ಬೆಳೆಯಿತು. ಸಂಗಾತಿ ಸಾರಾ ಬಾರ್ಬರ್ ಜೊತೆ ಮೆಲ್ಬರ್ನಿನ ಹೊರವಲಯದ ಹೈಡಲ್‌ಬರ್ಗ್‌ಗೆ ಬಂದ. ದಿನವೂ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಮೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳಿಸುತ್ತದೆ, ವಿಪರೀತ ಭಯ ಹಿಡಿಯುತ್ತದೆ. ಇಂದು ಆಸ್ಪತ್ರೆಯಲ್ಲಿಟ್ಟು ಔಷಧದಿಂದ ಸಂಭಾಳಿಸಬಹುದಾದ ಸ್ಥಿತಿ ಅದು, ಆಗ ಆ ಔಷಧಗಳಿರಲಿಲ್ಲ. 1880ರ ಮೇ 1ರಂದು ಅವನನ್ನು ಮೆಲ್ಬರ್ನ್ ಆಸ್ಪತ್ರೆಗೆ ಸೇರಿಸಿದರು, ಅವನು ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದ. ಮರುದಿನ ಆ ಭ್ರಮೆಯಲ್ಲೇ ತನ್ನ ಜೀವ ತೆಗೆದುಕೊಂಡ. 44 ವರ್ಷ. ಹೈಡಲ್‌ಬರ್ಗ್‌ನ ವಾರ್ರಿಂಗಲ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಸಮಾಧಿಯ ಮೇಲೆ ಹೆಸರಿನ ಕಲ್ಲು ಬಂದದ್ದು ನೂರು ವರ್ಷ ಕಳೆದ ಮೇಲೆ, 1980ರಲ್ಲಿ.

ಜನಕ ಯಾರು

ಹೀಗೆ ಸತ್ತವನನ್ನು ಆ ಕಾಲದ ಸಮಾಜ ನೆನೆಯಲು ಇಷ್ಟಪಡಲಿಲ್ಲ. 1908ರಲ್ಲಿ ಆಟದ ಐವತ್ತನೆಯ ವರ್ಷ ಆಚರಿಸಿದಾಗ ‘ಜನಕ’ ಎಂದು ಗೌರವಿಸಿದ್ದು ಹ್ಯಾರಿಸನ್‌ನನ್ನು. ಅವನು ಬದುಕಿದ್ದ, ಗೌರವಸ್ಥ, 1929ರವರೆಗೂ ಇದ್ದ. 1866ರ ತಿದ್ದುಪಡಿಯಲ್ಲಿ ಅವನ ಕೆಲಸ ದೊಡ್ಡದೇ. ಆದರೆ 1859ರ ಹತ್ತು ನಿಯಮಗಳನ್ನು ಬರೆದವರಲ್ಲಿ ಅವನಿಲ್ಲ. ವಿಲ್ಸ್ ಒಬ್ಬನೇ ಆಟ ಹುಟ್ಟಿಸಿದ ಎಂಬುದೂ ಸರಿಯಲ್ಲ: ಹ್ಯಾಕಿಂಗ್ ಬಿಟ್ಟದ್ದು, ಆಫ್‌ಸೈಡ್ ಬಿಟ್ಟದ್ದು ಎರಡೂ ಅವನು ಕಲಿತ ಆಟದಿಂದ ದೂರ ಸರಿದ ಹೆಜ್ಜೆಗಳು, ಉಳಿದ ಮೂವರ ಮಾತು ಅಲ್ಲಿ ನಡೆದಿದೆ. ಪತ್ರ ಬರೆದವನು, ಅಂಪೈರಾದವನು, ನಿಯಮಕ್ಕೆ ಕೂತವನು, ನಾಯಕನಾಗಿ ಆಡಿ ತೋರಿಸಿದವನು, ಈ ನಾಲ್ಕೂ ಒಬ್ಬನೇ ಆದದ್ದು ಮಾತ್ರ ವಿಲ್ಸ್.

ಇನ್ನು ಮಾರ್ನ್‌ಗ್ರೂಕ್. ಪಶ್ಚಿಮ ವಿಕ್ಟೋರಿಯಾದ ಮೂಲನಿವಾಸಿಗಳು ಪಾಸಮ್ ಎಂಬ ಪ್ರಾಣಿಯ ಚರ್ಮ ಸುತ್ತಿ ಮಾಡಿದ ಚೆಂಡನ್ನು ಮೇಲಕ್ಕೆ ಒದ್ದು, ನೆಗೆದು ಹಿಡಿಯುತ್ತಿದ್ದರು. 1840ರ ದಶಕದಲ್ಲಿ ಮೆಲ್ಬರ್ನ್ ಸುತ್ತ ಅದನ್ನು ಕಣ್ಣಾರೆ ಕಂಡ ಬಿಳಿಯ ಅಧಿಕಾರಿಯ ವಿವರಣೆ 1878ರ ಪುಸ್ತಕದಲ್ಲಿ ಅಚ್ಚಾಗಿದೆ. ಆ ಜನರ ಮಕ್ಕಳೊಡನೆ ಬೆಳೆದ ವಿಲ್ಸ್ ಅದನ್ನು ಆಡಿದ್ದಿರಬೇಕು, ಅದೇ ಮುಂದೆ ಈ ಆಟವಾಯಿತು ಎಂಬುದು ಒಂದು ವಾದ. 1998ರಲ್ಲಿ ಮೊಯ್‌ಸ್ಟನ್‌ನಲ್ಲಿ ಅದನ್ನು ನೆನೆಯುವ ಸ್ಮಾರಕ ಎದ್ದಿತು. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ 2019ರಲ್ಲಿ ಮಾರ್ನ್‌ಗ್ರೂಕ್‌ನ ಸ್ಥಾನವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಇದು ಕೇಳಲು ಹಿತವಾದ ಕಟ್ಟುಕಥೆ ಎನ್ನುವ ಇತಿಹಾಸಕಾರರೂ ಇದ್ದಾರೆ.

ಹತ್ತು ನಿಯಮಗಳನ್ನು ಕೇಳಿದರೆ ಅವು ಹೇಳುವುದಿಷ್ಟು. ಮಾರ್ಕ್ ಎಂಬ ಪದವೂ ಪದ್ಧತಿಯೂ ರಗ್ಬಿ ಶಾಲೆಯಲ್ಲಿ ಆಗಲೇ ಇದ್ದವು. ಜನರ ಭುಜದ ಮೇಲೆ ಏರಿ ಚೆಂಡು ಹಿಡಿಯುವ ಇಂದಿನ ಮನಸೆಳೆಯುವ ಹಿಡಿತ 1859ರ ಆಟದಲ್ಲಿ ಕಾಣುವುದಿಲ್ಲ, ಅದು ಬೆಳೆದದ್ದು ದಶಕಗಳ ಮೇಲೆ. ವಿಲ್ಸ್‌ನ ಉಳಿದಿರುವ ಪತ್ರಗಳಲ್ಲಿ ಮಾರ್ನ್‌ಗ್ರೂಕ್‌ನ ಹೆಸರಿಲ್ಲ. ಹಾಗಾಗಿ ಬರಹದ ಪುರಾವೆ ರಗ್ಬಿಯ ಕಡೆಗೇ ವಾಲುತ್ತದೆ. ಆದರೆ ನಿಯಮಪುಸ್ತಕದಲ್ಲಿ ನಿಯಮಗಳಿರುತ್ತವೆ, ಆಟಗಾರನ ಮೈಗೆ ಹತ್ತಿದ ಅಭ್ಯಾಸಗಳಿರುವುದಿಲ್ಲ. ಆಫ್‌ಸೈಡಿಲ್ಲದ ಬಯಲಿನಲ್ಲಿ ಆಟಗಾರರನ್ನು ಹರಡಿ ನಿಲ್ಲಿಸುವುದು 1860ರಲ್ಲಿ ಎಲ್ಲರಿಗಿಂತ ಮೊದಲು ಅವನಿಗೇ ಏಕೆ ಹೊಳೆಯಿತು ಎಂಬುದಕ್ಕೆ ರಗ್ಬಿ ಶಾಲೆಯಲ್ಲಿ ಉತ್ತರವಿಲ್ಲ. ಅಲ್ಲಿ ಹಾಗೆ ನಿಂತರೆ ಆಫ್‌ಸೈಡ್.